ಹಳೆಯ ಆಟಯಂತ್ರದ ಜಾಯ್‌ಸ್ಟಿಕ್: ಬಿಡಿಭಾಗ ಹುಡುಕುವುದು, ಸಿಗದಿದ್ದರೆ ಕಡೆಸುವುದು

ಬೆಳಗಾವಿ: ಟಿಳಕವಾಡಿಯಿಂದ ಖಾನಾಪುರ ರಸ್ತೆ ಹಿಡಿದು ಹೊರಟರೆ ಉದ್ಯಮಬಾಗ, ಪೀರನವಾಡಿ, ಮಚ್ಛೆ ಒಂದರ ಹಿಂದೊಂದು ಎದುರಾಗುತ್ತವೆ. ಎರಕದ ಕಾರ್ಖಾನೆಗಳು, ಹೈಡ್ರಾಲಿಕ್ ಉಪಕರಣಗಳ ಘಟಕಗಳು, ಅವುಗಳನ್ನು ಆಶ್ರಯಿಸಿ ಬದುಕುವ ಸಣ್ಣ ಲೇಥ್ ಅಂಗಡಿಗಳು ಈ ಭಾಗದ ಗುರುತು. ಹೈಡ್ರಾಲಿಕ್ ಕವಾಟದೊಳಗಿನ ಸ್ಪೂಲನ್ನು ಕೆಲವೇ ಮೈಕ್ರಾನ್ ಅಂತರಕ್ಕೆ ಉಜ್ಜಿ ಕೂರಿಸಬಲ್ಲ ಊರು ಇದು. ಹಳೆಯ ವಿಡಿಯೊ ಆಟಯಂತ್ರದ ಜಾಯ್‌ಸ್ಟಿಕ್‌ನ ದಂಡವಾದರೋ, ಒಂದೆರಡು ಜಾಗ ಬಿಟ್ಟರೆ, ಮಿಲಿಮೀಟರಿನ ಹತ್ತನೆಯ ಒಂದು ಭಾಗ ಆಚೀಚೆಯಾದರೂ ಸಹಿಸಿಕೊಳ್ಳುತ್ತದೆ. ಹೀಗಿದ್ದೂ ಒಂದು ಕೋಲು ಸವೆಯಿತೆಂಬ ಕಾರಣಕ್ಕೆ ಇಡೀ ಯಂತ್ರ ಗುಜರಿಗೆ ಹೋಗುವುದುಂಟು. ಕೊರತೆ ಇರುವುದು ಯಂತ್ರೋಪಕರಣಗಳಲ್ಲಲ್ಲ. ಯಾವ ಭಾಗ, ಯಾವ ಅಳತೆ, ಯಾವ ಲೋಹ ಎಂದು ಅಂಗಡಿಯಾತನಿಗೆ ಹೇಳಬಲ್ಲ ಮಾಹಿತಿಯಲ್ಲಿ.

ನಾಣ್ಯ ಹಾಕಿ ಆಡುವ ವಿಡಿಯೊ ಆಟಗಳ ಯುಗ 1978ರಲ್ಲಿ ಜಪಾನಿನ ಟೈಟೊ ಕಂಪನಿಯ ‘ಸ್ಪೇಸ್ ಇನ್‌ವೇಡರ್ಸ್’ ಹಾಗೂ 1980ರಲ್ಲಿ ನ್ಯಾಮ್ಕೊ ಕಂಪನಿಯ ‘ಪ್ಯಾಕ್-ಮ್ಯಾನ್’ ಬಂದ ಬಳಿಕ ಜಗತ್ತಿನಾದ್ಯಂತ ಹಬ್ಬಿತು. ನಮ್ಮ ನಗರಗಳಲ್ಲಿ 1990ರ ದಶಕವೇ ವಿಡಿಯೊ ಗೇಮ್ ಪಾರ್ಲರ್‌ಗಳ ಕಾಲ. ಕ್ಯಾಪ್ಕಾಮ್ ಕಂಪನಿ 1991ರಲ್ಲಿ ಹೊರತಂದ ‘ಸ್ಟ್ರೀಟ್ ಫೈಟರ್ 2’, 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಅಂದಿನ ಹುಡುಗರಿಗೆ ಕಂಠಪಾಠವಾಗಿದ್ದವು. ಎರಡನೆಯದನ್ನು ಅದರ ನಿಜವಾದ ಹೆಸರಿನಿಂದ ಕರೆದವರು ಕಡಿಮೆ; ಅದರೊಳಗಿನ ಪಾತ್ರವೊಂದರ ಹೆಸರೇ ಆಟಕ್ಕೂ ಅಂಟಿಕೊಂಡು ಭಾರತದುದ್ದಕ್ಕೂ ಅದು ‘ಮುಸ್ತಫಾ’ ಆಯಿತು. ಪಾರ್ಲರ್‌ಗಳು ಮುಚ್ಚಿದ ಮೇಲೆ ಉಳಿದ ಯಂತ್ರಗಳು ಗೋದಾಮು, ಅಟ್ಟ, ಹವ್ಯಾಸಿಗಳ ಮನೆ ಸೇರಿದವು. ಅವುಗಳ ಪರದೆ, ಬೋರ್ಡು ಇನ್ನೂ ಸುಸ್ಥಿತಿಯಲ್ಲಿದ್ದು, ಕೈಯಿಂದ ಹೊಡೆತ ತಿಂದ ಜಾಯ್‌ಸ್ಟಿಕ್ ಮಾತ್ರ ಸತ್ತಿರುವುದು ಸಾಮಾನ್ಯ ದೃಶ್ಯ.

ಒಂದು ಅನುಕೂಲವೂ ಇದೆ. 1985ರಲ್ಲಿ ಜಪಾನಿನ ತಯಾರಕರ ಸಂಘ ರೂಪಿಸಿದ ‘ಜಾಮ್ಮಾ’ ಎಂಬ ಸಮಾನ ಜೋಡಣಾ ವ್ಯವಸ್ಥೆಯನ್ನು ಬಹುತೇಕ ಕಂಪನಿಗಳು ಒಪ್ಪಿಕೊಂಡವು. ಬೋರ್ಡಿನ ಅಂಚಿನಲ್ಲಿ ಒಂದೊಂದು ಬದಿಗೆ 28ರಂತೆ ಒಟ್ಟು 56 ಸಂಪರ್ಕ ಬಿಂದುಗಳು. ಒಂದರಿಂದ ಇನ್ನೊಂದಕ್ಕೆ 3.96 ಮಿ.ಮೀ. ಅಂತರ. ಜಾಯ್‌ಸ್ಟಿಕ್ ಎಂದರೆ ಈ ವ್ಯವಸ್ಥೆಯ ಕಣ್ಣಿಗೆ ನಾಲ್ಕು ದಿಕ್ಕಿಗೆ ನಾಲ್ಕು ಸ್ವಿಚ್, ಜೊತೆಗೆ ಒಂದು ಸಾಮಾನ್ಯ ತಂತಿ, ಅಷ್ಟೇ. ಆದ್ದರಿಂದ ವಿದ್ಯುತ್ತಿನ ದೃಷ್ಟಿಯಿಂದ ಒಂದು ಯಂತ್ರದ ಜಾಯ್‌ಸ್ಟಿಕ್ ಇನ್ನೊಂದಕ್ಕೆ ಹೊಂದುತ್ತದೆ. ಹೊಂದದಿರುವುದು ಕೂರಿಸುವ ತಟ್ಟೆಯ ರಂಧ್ರಗಳು ಮತ್ತು ಕೈಗೆ ಸಿಗುವ ಹಿಡಿತ. ಹಳೆಯದನ್ನು ಕಿತ್ತು ಹೊಸದನ್ನು ಹಾಕಿದರೆ ಆಟ ನಡೆಯುತ್ತದೆ, ಆದರೆ ಅದು ಹಳೆಯ ಆಟವಾಗಿ ಉಳಿಯುವುದಿಲ್ಲವೆಂಬುದು ಬಲ್ಲವರ ದೂರು. ದೂರಿನಲ್ಲಿ ಹುರುಳಿದೆ.

ಒಳಗೆ ಏನಿರುತ್ತದೆ?

ಕೈಗೆ ಸಿಗುವ ಗುಂಡು ಅಥವಾ ಉದ್ದನೆಯ ಹಿಡಿ, ಅದರ ಕೆಳಗೆ ಉಕ್ಕಿನ ದಂಡ, ದಂಡ ಓಲಾಡಲು ಪ್ಲಾಸ್ಟಿಕ್ಕಿನ ಗೋಲಾಕಾರದ ಬೇರಿಂಗ್, ಮಧ್ಯಕ್ಕೆ ಮರಳಿ ತರುವ ಸ್ಪ್ರಿಂಗ್, ದಂಡದ ಬುಡದಲ್ಲಿದ್ದು ಸ್ವಿಚ್‌ಗಳನ್ನು ಒತ್ತುವ ಪ್ಲಾಸ್ಟಿಕ್ ಬಿಲ್ಲೆ, ಇವೆಲ್ಲವನ್ನೂ ಬೀಳದಂತೆ ಹಿಡಿದಿಡುವ ಒಂದು ಇ-ಸರ್ಕ್ಲಿಪ್. ಇದರ ಕೆಳಗೆ ಚಲನೆಗೆ ಮಿತಿ ಹಾಕುವ ಚೌಕ ಅಥವಾ ಎಂಟು ಮೂಲೆಯ ತಡೆಫಲಕವಿರುತ್ತದೆ. ಸ್ವಿಚ್‌ಗಳಲ್ಲಿ ಎರಡು ಬಗೆ. 1980ರ ದಶಕದ ಅಮೆರಿಕದ ಯಂತ್ರಗಳಲ್ಲಿ, ವಿಕೊ ಕಂಪನಿಯ ಕೋಲುಗಳಲ್ಲಿರುವಂತೆ, ತೆಳುವಾದ ಲೋಹದ ಎಲೆಗಳು ಒಂದಕ್ಕೊಂದು ತಾಗುತ್ತಿದ್ದವು. ಅನಂತರ ಬಂದ ಹ್ಯಾಪ್, ಸಾನ್ವಾ, ಸೈಮಿತ್ಸು ಮುಂತಾದವುಗಳಲ್ಲಿ ‘ಟಿಕ್’ ಎನ್ನುವ ಮೈಕ್ರೊಸ್ವಿಚ್.

ಬಿಚ್ಚುವ ಮುನ್ನ ಯಂತ್ರದ ಪ್ಲಗ್ ಕಿತ್ತಿಡಬೇಕು. ಹಳೆಯ ಗಾಜಿನ ಪರದೆಯ ಹಿಂಭಾಗದಲ್ಲಿ ಪ್ಲಗ್ ಕಿತ್ತ ಮೇಲೂ ಅಪಾಯಕಾರಿ ವಿದ್ಯುದಂಶ ಉಳಿದಿರುತ್ತದೆ; ಆ ಕಡೆಗೆ ಕೈ ಹೋಗಕೂಡದು.

ಕಡೆಸುವ ಮುನ್ನ ಕೊಳ್ಳಬಹುದಾದದ್ದು

ಮೈಕ್ರೊಸ್ವಿಚ್‌ಗಾಗಿ ಪರದಾಡುವ ಅಗತ್ಯವೇ ಇಲ್ಲ. ಬಹುತೇಕ ಹಳೆಯ ಜಾಯ್‌ಸ್ಟಿಕ್‌ಗಳಲ್ಲಿರುವುದು ಜಗತ್ತಿನೆಲ್ಲೆಡೆ ಒಂದೇ ಅಳತೆಯಲ್ಲಿ ತಯಾರಾಗುವ ಸ್ವಿಚ್: ಉದ್ದ ಸುಮಾರು 27.8 ಮಿ.ಮೀ., ಎತ್ತರ 15.9, ದಪ್ಪ 10.3, ಸ್ಕ್ರೂ ರಂಧ್ರಗಳ ಅಂತರ ಉದ್ದಕ್ಕೆ 22.2, ಎತ್ತರಕ್ಕೆ 10.3 ಮಿ.ಮೀ. ಮೈಕ್ರೊವೇವ್ ಓವನ್ನಿನ ಬಾಗಿಲಲ್ಲಿಯೂ ಕಾರ್ಖಾನೆಯ ಯಂತ್ರಗಳಲ್ಲಿಯೂ ಇದೇ ಗಾತ್ರದ ಸ್ವಿಚ್ ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಇದನ್ನು ಕೇಳಿ ಪಡೆಯಬಹುದು. ಆದರೆ ಗಾತ್ರ ಹೊಂದಿದರೆ ಸಾಲದು. ಓವನ್ನಿನ ಸ್ವಿಚ್ ಹದಿನೈದು ಹದಿನಾರು ಆಂಪಿಯರ್ ಹೊರುವಂಥದು. ಅದನ್ನು ಒತ್ತಲು ಬಲ ಹೆಚ್ಚು ಬೇಕು, ಬೆರಳು ದಣಿಯುತ್ತದೆ. ಜಾಯ್‌ಸ್ಟಿಕ್‌ನಲ್ಲಿ ಹರಿಯುವುದು 5 ವೋಲ್ಟಿನಲ್ಲಿ ಕೆಲವೇ ಮಿಲಿ ಆಂಪಿಯರ್. ದೊಡ್ಡ ಪ್ರವಾಹಕ್ಕೆಂದೇ ಮಾಡಿದ ಬೆಳ್ಳಿಯ ಸಂಪರ್ಕ ಬಿಂದುಗಳ ಮೇಲೆ ಕೂರುವ ಕಿಲುಬನ್ನು ಇಷ್ಟು ಸಣ್ಣ ಪ್ರವಾಹ ಸುಡಲಾರದು. ಕೆಲ ತಿಂಗಳಲ್ಲಿ ಸ್ವಿಚ್ ಒಮ್ಮೆ ಕೇಳಿ ಒಮ್ಮೆ ಕೇಳದಂತಾಗುತ್ತದೆ. ಕಡಿಮೆ ಒತ್ತುಬಲದ, ಸಾಧ್ಯವಾದರೆ ಚಿನ್ನದ ಲೇಪವಿರುವ ಸ್ವಿಚ್ ಕೇಳುವುದು ಜಾಣತನ.

ಇ-ಸರ್ಕ್ಲಿಪ್ ಕೂಡ ಹಾರ್ಡ್‌ವೇರ್ ಅಂಗಡಿಯ ಸಾಮಾನು. ಬಿಚ್ಚುವಾಗ ಮೊದಲು ಹಾರಿ ಕಳೆದುಹೋಗುವುದೂ ಇದೇ! ಇದರ ಗಾತ್ರವನ್ನು ದಂಡದ ದಪ್ಪದಿಂದ ಹೇಳುವುದಿಲ್ಲ, ದಂಡದಲ್ಲಿ ಕೊರೆದ ಗಾಡಿಯ ತಳದ ವ್ಯಾಸದಿಂದ ಹೇಳಲಾಗುತ್ತದೆ. ಜರ್ಮನ್ ಮಾನದಂಡ ಡಿಐಎನ್ 6799ರ ಪ್ರಕಾರ 5ರ ಕ್ಲಿಪ್ 6ರಿಂದ 8 ಮಿ.ಮೀ. ದಂಡಕ್ಕೆ ಸಲ್ಲುತ್ತದೆ, ಅದರ ದಪ್ಪ 0.7 ಮಿ.ಮೀ.

ಸ್ಪ್ರಿಂಗ್ ವಿಷಯದಲ್ಲಿ ‘ಸುಮಾರು ಇದೇ ಥರದ್ದು’ ಎಂಬ ಮಾತು ನಡೆಯದು. ತಂತಿಯ ದಪ್ಪ ಹೆಚ್ಚಿದಂತೆ ಸ್ಪ್ರಿಂಗ್‌ನ ಬಿಗಿ ಅದರ ನಾಲ್ಕನೆಯ ಘಾತದಲ್ಲಿ ಏರುತ್ತದೆ. 1 ಮಿ.ಮೀ. ತಂತಿಯ ಬದಲು 1.1 ಮಿ.ಮೀ. ತಂತಿ ಬಳಸಿದರೆ, ಉಳಿದೆಲ್ಲ ಸಮವಿದ್ದರೂ, ಬಿಗಿ ಶೇ 46ರಷ್ಟು ಹೆಚ್ಚುತ್ತದೆ. ತಂತಿಯ ದಪ್ಪ, ಹೊರವ್ಯಾಸ, ಒತ್ತದೆ ಇರುವಾಗಿನ ಉದ್ದ, ಸುತ್ತುಗಳ ಸಂಖ್ಯೆ ಈ ನಾಲ್ಕನ್ನೂ ಬರೆದುಕೊಂಡು ಹೋಗಬೇಕು.

ಸವೆದದ್ದರ ನಕಲು ಬೇಡ

ಇಷ್ಟನ್ನು ಕಳೆದರೆ ಕಡೆಸಲು ಉಳಿಯುವುದು ಮೂರೇ: ದಂಡ, ಬುಡದ ಬಿಲ್ಲೆ ಮತ್ತು ಗೋಲಾಕಾರದ ಬೇರಿಂಗ್. ಇಲ್ಲಿಯೇ ಹೆಚ್ಚಿನವರು ಎಡವುವುದು. ಹಳೆಯ ದಂಡವನ್ನು ಲೇಥ್ ಅಂಗಡಿಯ ಮೇಜಿನ ಮೇಲಿಟ್ಟು ‘ಇದೇ ಥರ ಇನ್ನೊಂದು ಮಾಡಿಕೊಡಿ’ ಎನ್ನುತ್ತಾರೆ. ಟರ್ನರ್ ಪ್ರಾಮಾಣಿಕ ಕೆಲಸಗಾರನಾಗಿದ್ದರೆ ಇದ್ದದ್ದನ್ನು ಇದ್ದಂತೆಯೇ ಅಳೆದು, ಮೂವತ್ತು ವರ್ಷಗಳ ಸವೆತವನ್ನೂ ಸೇರಿಸಿ ಹೊಸ ದಂಡ ಮಾಡಿಕೊಡುತ್ತಾನೆ. ಹೊಳೆಯುವ ಹೊಸ ದಂಡ ಮೊದಲ ದಿನದಿಂದಲೇ ಗಡಗಡ ಅಲ್ಲಾಡುತ್ತದೆ. ತಪ್ಪು ಆತನದಲ್ಲ.

ಆದ್ದರಿಂದ ಅಳತೆಯನ್ನು ಸವೆಯದ ಜಾಗದಲ್ಲಿ ತೆಗೆದುಕೊಳ್ಳಬೇಕು. ದಂಡದಲ್ಲಿ ಏನೂ ಉಜ್ಜದ ಭಾಗವೊಂದು ಇದ್ದೇ ಇರುತ್ತದೆ; ಮೇಲಿನ ಧೂಳುಮುಚ್ಚಳದ ಆಸುಪಾಸು, ಇಲ್ಲವೇ ಬಿಲ್ಲೆಯ ಒಳಗೆ ಮುಚ್ಚಿಹೋದ ಭಾಗ. ವರ್ನಿಯರ್ ಕ್ಯಾಲಿಪರ್‌ನಿಂದ ಅಲ್ಲಿ ಒಮ್ಮೆ, ಸವೆದ ಜಾಗದಲ್ಲಿ ಒಮ್ಮೆ ಅಳೆದರೆ ಎಷ್ಟು ತಿಂದುಹೋಗಿದೆಯೆಂದು ಗೊತ್ತಾಗುತ್ತದೆ. ಅದೇ ಜಾಗದಲ್ಲಿ ದಂಡವನ್ನು ಕಾಲುಸುತ್ತು ತಿರುಗಿಸಿ ಮತ್ತೆ ಅಳೆಯಬೇಕು. ಎರಡು ಅಳತೆಗಳು ಬೇರೆಯಾದರೆ ದಂಡ ಅಂಡಾಕಾರವಾಗಿದೆ ಎಂದರ್ಥ. ಪ್ರತಿ ಆಟಗಾರನೂ ಎಡಬಲಕ್ಕೆ ಎಳೆದಷ್ಟು ಮೇಲಕ್ಕೆ ತಳ್ಳುವುದಿಲ್ಲವಲ್ಲ. ಒಂದೇ ಯಂತ್ರದಲ್ಲಿ ಇಬ್ಬರು ಆಡುವ ಎರಡು ಜಾಯ್‌ಸ್ಟಿಕ್ ಇದ್ದರೆ ಅದು ಅದೃಷ್ಟ: ಒಬ್ಬನೇ ಆಡುವಾಗ ಸಾಮಾನ್ಯವಾಗಿ ಮೊದಲನೆಯದೇ ಕೆಲಸ ಮಾಡುವುದರಿಂದ ಎರಡನೆಯದು ಕಡಿಮೆ ಸವೆದಿರುತ್ತದೆ. ಮಾದರಿಯಾಗಿ ಅದನ್ನೇ ಒಯ್ಯಬೇಕು.

ಅಳತೆಗಳನ್ನು ಚೀಟಿಯಲ್ಲಿ ರೇಖಾಚಿತ್ರವಾಗಿ ಬರೆಯುವಾಗ ಉದ್ದಗಳನ್ನೆಲ್ಲ ದಂಡದ ಒಂದೇ ತುದಿಯಿಂದ ಎಣಿಸಬೇಕು. ಇಲ್ಲಿಂದ ಅಲ್ಲಿಗೆ ಇಷ್ಟು, ಅಲ್ಲಿಂದ ಮುಂದಕ್ಕೆ ಇಷ್ಟು ಎಂದು ಸರಪಳಿಯಂತೆ ಬರೆದರೆ ಪ್ರತಿ ಹಂತದ ಸಣ್ಣ ತಪ್ಪು ಮುಂದಿನದಕ್ಕೆ ಕೂಡಿಕೊಂಡು, ಕೊನೆಗೆ ಸರ್ಕ್ಲಿಪ್‌ನ ಗಾಡಿ ಅರ್ಧ ಮಿಲಿಮೀಟರ್ ಸರಿದಿರುತ್ತದೆ. ಸ್ಪ್ರಿಂಗ್ ಸಡಿಲವಾಗಲು ಅಷ್ಟು ಸಾಕು. ಬೆಳಗಾವಿಯ ಅಂಗಡಿಗಳಲ್ಲಿ ಮಾತು ಕನ್ನಡದಲ್ಲಿಯೂ ನಡೆಯುತ್ತದೆ, ಮರಾಠಿಯಲ್ಲಿಯೂ ನಡೆಯುತ್ತದೆ. ಸರಿಯಾದ ಚೀಟಿಯೊಂದಿದ್ದರೆ ಎರಡಕ್ಕೂ ಹೆಚ್ಚು ಕೆಲಸವಿಲ್ಲ.

ಹಿಡಿಯ ಗುಂಡು ಕೂರುವ ತಿರುಪಿನ ಬಗ್ಗೆ ವಿಶೇಷ ಎಚ್ಚರ ಬೇಕು. ಸಾನ್ವಾ, ಸೈಮಿತ್ಸು ಮುಂತಾದ ಜಪಾನಿ ಕೋಲುಗಳಲ್ಲಿ ಅದು ಎಂ6, ಅಂದರೆ 6 ಮಿ.ಮೀ. ವ್ಯಾಸ, 1 ಮಿ.ಮೀ. ಎಳೆಯಂತರ. ಅಮೆರಿಕದ ಯಂತ್ರಗಳ ತಿರುಪುಗಳು ಇಂಚಿನ ಲೆಕ್ಕದವು. ಕಾಲು ಇಂಚು, ಕೆಲಸಗಾರರ ಬಾಯಲ್ಲಿ ಎರಡು ಸೂತು, 6.35 ಮಿ.ಮೀ. ಆಗುತ್ತದೆ; ಕಣ್ಣಿಗೆ ಎಂ6ಗೂ ಇದಕ್ಕೂ ವ್ಯತ್ಯಾಸ ತಿಳಿಯದು. ನಮ್ಮ ಹಳೆಯ ವರ್ಕ್‌ಶಾಪ್‌ಗಳಲ್ಲಿ ಬ್ರಿಟಿಷ್ ವಿಟ್‌ವರ್ತ್ ಡೈಗಳು ಉಳಿದಿರುವುದರಿಂದ ಇನ್ನೊಂದು ಗೊಂದಲವೂ ಸೇರಿಕೊಳ್ಳುತ್ತದೆ. ಕಾಲು ಇಂಚಿನ ವಿಟ್‌ವರ್ತ್‌ಗೂ ಅಮೆರಿಕದ ದಪ್ಪ ಎಳೆಗೂ ಇಂಚಿಗೆ 20 ಎಳೆಗಳೇ. ಆದರೆ ಮೊದಲನೆಯದರ ಕೋನ 55 ಡಿಗ್ರಿ, ಎರಡನೆಯದರದು 60. ಒತ್ತಾಯದಿಂದ ತಿರುಗಿಸಿದರೆ ಕೂರುತ್ತದೆ. ಹಳೆಯ ಪ್ಲಾಸ್ಟಿಕ್ ಗುಂಡು ಮಾತ್ರ ಒಂದು ದಿನ ಸೀಳಿಬಿಡುತ್ತದೆ. ಎಳೆಮಾಪಕದ ತಗಡುಗಳಿಂದ ಪರೀಕ್ಷಿಸುವುದು ಒಂದು ನಿಮಿಷದ ಕೆಲಸ.

ದಂಡಕ್ಕೆ ಇಎನ್8 ಉಕ್ಕಿನ ಬ್ರೈಟ್ ಬಾರ್ ಸಾಕು. ದಂಡದ ಅತಿ ದಪ್ಪದ ಭಾಗ ಮಾರುಕಟ್ಟೆಯಲ್ಲಿ ಸಿಗುವ ಸರಳಿನ ಅಳತೆಗೇ ಸರಿಹೊಂದಿದರೆ ಆ ಭಾಗವನ್ನು ಕಡೆಯಬೇಕಾಗಿಯೇ ಇಲ್ಲ. ತುಕ್ಕಿಗೆ ಹೆದರುವವರು 304 ಸ್ಟೇನ್‌ಲೆಸ್ ಕೇಳುತ್ತಾರೆ. ಅದು ಹರಿತವಿಲ್ಲದ ಉಳಿಗೆ ಸಿಕ್ಕರೆ ಮೇಲ್ಮೈ ಗಡುಸಾಗಿ ಎಳೆ ಹರಿದುಹೋಗುತ್ತದೆ. ಸಿಗುವುದಾದರೆ 303 ಕಡೆಯಲು ಸುಲಭ. ಇಎನ್8 ದಂಡಕ್ಕೆ ನಿಕಲ್ ಲೇಪ ಹಾಕಿಸುವುದಾದರೆ ಲೇಪದ ದಪ್ಪವನ್ನು ಮೊದಲೇ ಕಳೆದು ಕಡೆಸಬೇಕು. 10 ಮೈಕ್ರಾನ್ ಲೇಪ ದಂಡದ ವ್ಯಾಸವನ್ನು 20 ಮೈಕ್ರಾನ್ ಹೆಚ್ಚಿಸಿದರೆ, ತಿರುಪಿನ ಎಳೆಗಳ ಕಾರ್ಯವ್ಯಾಸವನ್ನು ಸುಮಾರು 40 ಮೈಕ್ರಾನ್ ಹೆಚ್ಚಿಸುತ್ತದೆ. ಗುಂಡು ಅರ್ಧಕ್ಕೇ ಬಿಗಿಯುತ್ತದೆ. ಸರ್ಕ್ಲಿಪ್‌ನ ಗಾಡಿಗೆ, 0.7 ಮಿ.ಮೀ. ಕ್ಲಿಪ್ ಆದರೆ, 0.74 ಮಿ.ಮೀ. ಅಗಲ ಬೇಕು. ಅಂಗಡಿಯಲ್ಲಿರುವ ಕತ್ತರಿಸುವ ಉಳಿ ಅದಕ್ಕಿಂತ ಅಗಲವಾಗಿರುವುದರಿಂದ ಉಳಿಯನ್ನು ಪ್ರತ್ಯೇಕವಾಗಿ ಮಸೆಯಬೇಕಾಗುತ್ತದೆ. ಇನ್ನೊಂದು: ಜಪಾನಿ ದಂಡದ ಕೆಳತುದಿಯಲ್ಲಿ ಸ್ಕ್ರೂಡ್ರೈವರ್ ಹಿಡಿಯಲು ಗೀರು ಇರುತ್ತದೆ. ಚೀಟಿಯಲ್ಲಿ ಅದನ್ನು ಬರೆಯಲು ಮರೆತರೆ ಗುಂಡನ್ನು ಬಿಗಿ ಮಾಡುವಾಗ ದಂಡವೂ ಜೊತೆಗೆ ತಿರುಗುತ್ತದೆ.

ಈ ಎಲ್ಲ ಸಿದ್ಧತೆಗೆ ಟರ್ನರ್‌ಗೆ ತಗಲುವ ಸಮಯ ಒಂದು ದಂಡಕ್ಕೂ ಐದು ದಂಡಕ್ಕೂ ಹೆಚ್ಚುಕಡಿಮೆ ಒಂದೇ. ‘ಒಂದೇ ಪೀಸ್’ ಎಂದಾಗ ಆತ ಮುಖ ಸಿಂಡರಿಸುವುದು ಇದಕ್ಕೇ. ಹತ್ತರಗಿಯ ಏಕಸ್ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನಗಳ ಬಿಡಿಭಾಗ ತಯಾರಾಗುತ್ತದೆ ಎಂದು ಅಂಥಲ್ಲಿಗೆ ಒಂದು ಕೋಲು ಹಿಡಿದು ಹೋಗುವುದರಲ್ಲಿ ಅರ್ಥವಿಲ್ಲ. ಪಂಪಿನ ಸ್ಪಿಂಡಲ್, ಮಗ್ಗದ ಪಿನ್ನು ಎಂದು ದಿನವೂ ಬಿಡಿ ಕೆಲಸ ಮಾಡುವ ಸಣ್ಣ ಲೇಥ್ ಅಂಗಡಿಯೇ ಸೂಕ್ತ. ಬೇರೆ ಹವ್ಯಾಸಿಗಳನ್ನು ಸೇರಿಸಿಕೊಂಡು ಐದಾರು ದಂಡಗಳನ್ನು ಒಟ್ಟಿಗೆ ಮಾಡಿಸಿದರೆ ಮಜೂರಿಯೂ ಹಂಚಿಹೋಗುತ್ತದೆ.

ಮಳೆ, ನೈಲಾನ್ ಮತ್ತು ಖಾನಾಪುರ

ಬುಡದ ಬಿಲ್ಲೆಗೆ ಅಂಗಡಿಯವರು ಮೊದಲು ತೋರಿಸುವುದು ನೈಲಾನ್ ಸರಳು. ಒಣ ಪ್ರದೇಶದಲ್ಲಿ ಅದು ನಡೆದೀತು. ಬೆಳಗಾವಿಯಿಂದ ದಕ್ಷಿಣಕ್ಕೆ ಸಾಗಿ ಖಾನಾಪುರ ತಾಲ್ಲೂಕು ಹೊಕ್ಕರೆ ಲೆಕ್ಕ ಬದಲಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಮುತ್ತ ಸಹ್ಯಾದ್ರಿಯ ಮಳೆ ತಿಂಗಳುಗಟ್ಟಲೆ ಬಿಡುವುದಿಲ್ಲ. ನೈಲಾನ್ ಗಾಳಿಯ ತೇವವನ್ನು ಹೀರಿ ಉಬ್ಬುವ ವಸ್ತು. ಬೇಸಿಗೆಯಲ್ಲಿ ಸರಿಯಾಗಿ ಕೂರಿಸಿದ ಬೇರಿಂಗ್ ಆಷಾಢದಲ್ಲಿ ದಂಡವನ್ನು ಬಿಗಿಹಿಡಿಯುತ್ತದೆ. ಇಂಥ ಕಡೆಗೆ ಡೆಲ್ರಿನ್ ಎಂದು ವ್ಯಾಪಾರದಲ್ಲಿ ಕರೆಯುವ ಅಸಿಟಾಲ್ ಪ್ಲಾಸ್ಟಿಕ್ಕೇ ಸರಿ. ಅದು ತೇವ ಹೀರುವುದು ಅತ್ಯಲ್ಪ, ಜಾರುಗುಣ ಹೆಚ್ಚು, ಲೇಥ್‌ನಲ್ಲಿ ಚೆನ್ನಾಗಿ ಕಡೆಯಬಹುದು. ಒಂದೇ ಎಚ್ಚರಿಕೆ: ಕಡೆದ ಕೂಡಲೇ ಬಿಸಿಯಿರುವಾಗ ಅಳೆಯಬಾರದು. ಬಿಸಿಗೆ ಅದು ಉಕ್ಕಿಗಿಂತ ಎಂಟೊಂಬತ್ತು ಪಟ್ಟು ಹಿಗ್ಗುತ್ತದೆ.

ಬಿಲ್ಲೆಯ ವ್ಯಾಸವನ್ನು 1 ಮಿ.ಮೀ. ಹೆಚ್ಚಿಸಿದರೆ ಪ್ರತಿ ದಿಕ್ಕಿನ ಸ್ವಿಚ್ ಅರ್ಧ ಮಿಲಿಮೀಟರ್ ಮೊದಲೇ ಒತ್ತಲ್ಪಡುತ್ತದೆ. ವೇಗದ ಹೊಡೆದಾಟದ ಆಟಗಳಿಗೆ ಇದನ್ನು ಬೇಕೆಂದೇ ಮಾಡಿಸುವವರಿದ್ದಾರೆ. ಅತಿಯಾದರೆ ಕೋಲು ಮಧ್ಯದಲ್ಲಿರುವಾಗಲೇ ಎದುರುಬದುರಿನ ಎರಡೂ ಸ್ವಿಚ್ ಒತ್ತಿಕೊಂಡು ಆಟ ಹುಚ್ಚೆದ್ದಂತಾಗುತ್ತದೆ.

ಗೋಲಾಕಾರದ ಬೇರಿಂಗ್ ಮೂರರಲ್ಲಿ ಕಠಿಣ. ಸಾಮಾನ್ಯ ಲೇಥ್‌ನಲ್ಲಿ ಗೋಲ ಕಡೆಯಲು ಪ್ರತ್ಯೇಕ ಜೋಡಣೆ ಬೇಕು. ಸಿಎನ್‌ಸಿ ಯಂತ್ರವಿರುವಲ್ಲಿ ಸುಲಭ. ಹೊರಮೈ ಚೆನ್ನಾಗಿದ್ದು ಒಳರಂಧ್ರವಷ್ಟೇ ಸವೆದಿದ್ದರೆ ಹೊಸದು ಮಾಡಿಸದೆ, ರಂಧ್ರವನ್ನು ದೊಡ್ಡದು ಮಾಡಿ ಅಸಿಟಾಲ್ ಬುಷ್ ಕೂರಿಸುವುದು ಮೇಲು. ತ್ರೀ-ಡಿ ಮುದ್ರಣದಲ್ಲಿ ಬೇರಿಂಗ್ ತೆಗೆಸುವ ರೂಢಿ ಈಚೆಗೆ ಬೆಳೆದಿದೆ. ಸಾಮಾನ್ಯವಾಗಿ ಬಳಸುವ ಪಿಎಲ್‌ಎ 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆದುವಾಗುತ್ತದೆ, ಪದರಗಳ ಒರಟು ಮೇಲ್ಮೈ ಬೇಗ ತಿಂದುಹೋಗುತ್ತದೆ. ಅಳತೆ ಸರಿಯೇ ಎಂದು ನೋಡುವ ಮಾದರಿಯಾಗಿ ಮುದ್ರಿಸಿ, ಸರಿಯಿದ್ದರೆ ಅದರಂತೆ ಕಡೆಸುವುದೇ ಅದರ ಸದುಪಯೋಗ.

ಗುಂಡು ಮತ್ತು ಎಲೆ

ಜಪಾನಿ ಕೋಲಿನ ಗುಂಡಿನ ರೂಢಿಯ ವ್ಯಾಸ 35 ಮಿ.ಮೀ. ಒಡೆದರೆ ಮರದಲ್ಲಿ ಕಡೆಸಬಹುದು. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಗೊಂಬೆಗಳ ಕೆಲಸಕ್ಕೂ ಇದಕ್ಕೂ ವ್ಯತ್ಯಾಸವೇನೂ ಇಲ್ಲ. ಮರಕ್ಕೆ ನೇರವಾಗಿ ಎಳೆ ಹಾಕದೆ, ಒಳಗೆ ಎಂ6 ಎಳೆಯಿರುವ ಹಿತ್ತಾಳೆಯ ಬುಷ್ ಕೂರಿಸಬೇಕು. ರಾಳ ಸುರಿದು ಅಚ್ಚಿನಲ್ಲಿ ಎರೆಯುವುದು ಇನ್ನೊಂದು ದಾರಿ. ಅಚ್ಚಿನಿಂದ ಬಂದದ್ದು ಮೂಲಕ್ಕಿಂತ ತುಸು ಕುಗ್ಗಿರುತ್ತದೆಂಬುದನ್ನು ಖಾನಾಪುರದವರಿಗೆ ಹೇಳಬೇಕಿಲ್ಲ. ಗ್ರಾಮೀಣ ಕುಂಬಾರಿಕೆಯ ಕೇಂದ್ರೀಯ ತರಬೇತಿ ಸಂಸ್ಥೆಯೇ ಇರುವ ಊರದು, ಒಣಗಿ ಸುಟ್ಟ ಮಣ್ಣು ಎಷ್ಟು ಕುಗ್ಗುತ್ತದೆಂದು ಲೆಕ್ಕ ಹಾಕಿಯೇ ಅಲ್ಲಿ ಅಚ್ಚು ಮಾಡುತ್ತಾರೆ.

ಎಲೆಸ್ವಿಚ್‌ಗಳ ದೋಷ ಬಹುಪಾಲು ಕೊಳೆಯದು. ದಪ್ಪ ಕಾಗದದ ತುಂಡನ್ನು ಎರಡು ಬಿಂದುಗಳ ನಡುವೆ ಇಟ್ಟು, ಎಲೆಗಳನ್ನು ಮೆಲ್ಲಗೆ ಒತ್ತಿಹಿಡಿದು ಎಳೆದರೆ ಕಿಲುಬು ಹೋಗುತ್ತದೆ. ಅರದಿಂದ ಉಜ್ಜಿದರೆ ಲೇಪವೇ ಹೋಗಿ ಬಿಂದು ಶಾಶ್ವತವಾಗಿ ಕೆಡುತ್ತದೆ. ಎಲೆಯೇ ಮುರಿದಿದ್ದರೆ ಅದೇ ದಪ್ಪದ ಫಾಸ್ಫರ್ ಬ್ರಾಂಜ್ ತಗಡಿನಿಂದ ಕತ್ತರಿಸಿ, ಹಳೆಯ ಬಿಂದುವನ್ನು ಅದಕ್ಕೆ ವರ್ಗಾಯಿಸಬೇಕು. ಮಾಮೂಲಿ ಹಿತ್ತಾಳೆಯ ತಗಡು ಕೆಲ ದಿನಗಳಲ್ಲಿ ಬಾಗಿ ಹಿಂದಿರುಗದಂತಾಗುತ್ತದೆ.

ಜೋಡಿಸುವಾಗ ಬೇರಿಂಗಿಗೆ ಸಿಲಿಕೋನ್ ಗ್ರೀಸ್ ಅಲ್ಪ ಪ್ರಮಾಣದಲ್ಲಿ ಹಚ್ಚಬೇಕು. ವಾಹನಗಳ ಗ್ರೀಸ್ ರಬ್ಬರನ್ನು ಕೆಡಿಸುವ ಸಂಭವವಿದೆ. ಗ್ರಾಫೈಟ್ ವಿದ್ಯುತ್ ಹರಿಸುವುದರಿಂದ ಸ್ವಿಚ್‌ನ ಹತ್ತಿರ ಸುಳಿಯಬಾರದು. ತಡೆಫಲಕವನ್ನು ಹಿಂದಿದ್ದ ದಿಕ್ಕಿನಲ್ಲಿಯೇ ಕೂರಿಸಬೇಕು. ‘ಪ್ಯಾಕ್-ಮ್ಯಾನ್’ನಂಥ ಆಟಗಳಿಗೆ ನಾಲ್ಕೇ ದಿಕ್ಕು, ಎಂಟು ದಿಕ್ಕಿಗೆ ಬಿಟ್ಟರೆ ತಿರುವಿನಲ್ಲಿ ಎರಡು ಸ್ವಿಚ್ ಒಟ್ಟಿಗೆ ಒತ್ತಿ ಆಟಗಾರ ದಾರಿ ತಪ್ಪುತ್ತಾನೆ. ಬಳಿಕ ಮಲ್ಟಿಮೀಟರನ್ನು ಸದ್ದು ಮಾಡುವ ಸ್ಥಾನಕ್ಕಿಟ್ಟು ನಾಲ್ಕೂ ಸ್ವಿಚ್‌ಗಳನ್ನು ಒಂದೊಂದಾಗಿ, ಅನಂತರ ಓರೆದಿಕ್ಕಿನಲ್ಲಿ ಎರಡೆರಡಾಗಿ ಪರೀಕ್ಷಿಸಬೇಕು. ಕೋಲನ್ನು ಎಳೆದು ಥಟ್ಟನೆ ಬಿಟ್ಟಾಗ ಎದುರು ದಿಕ್ಕಿನ ಸ್ವಿಚ್ ಸದ್ದು ಮಾಡಿದರೆ ಸ್ಪ್ರಿಂಗ್ ಸೋತಿದೆ ಅಥವಾ ಬಿಲ್ಲೆ ದಪ್ಪವಾಗಿದೆ. ಖಾನಾಪುರದಂಥ ಮಳೆಯ ಊರಿನಲ್ಲಿ ಯಂತ್ರವಿರುವವರು ದಸರೆಯ ಹೊತ್ತಿಗೆ ಇನ್ನೊಮ್ಮೆ ಬಿಚ್ಚಿ, ಸ್ಪ್ರಿಂಗ್‌ಗೆ ತುಕ್ಕು ಹಿಡಿದಿದೆಯೇ, ಜಾಯ್‌ಸ್ಟಿಕ್ ಕೂತಿರುವ ಹಲಗೆ ಉಬ್ಬಿ ಸ್ಕ್ರೂ ಸಡಿಲಾಗಿದೆಯೇ ಎಂದು ನೋಡಿಕೊಳ್ಳಬೇಕು. ಅಳತೆಯ ಚೀಟಿಯ ಒಂದು ಪ್ರತಿ ಯಂತ್ರದ ಪೆಟ್ಟಿಗೆಯೊಳಗೇ ಅಂಟಿಸಿಟ್ಟರೆ ಮುಂದೆ ಅದನ್ನು ಬಿಚ್ಚುವವರಿಗೆ ಸಿಗುತ್ತದೆ.